ಮುರುಕು ಭಾಷೆಯ ನಗೆ

ಒಂದು ಕೋಣೆ. ಕುರ್ಚಿಯಲ್ಲಿ ಕುಳಿತ ಮೇಷ್ಟ್ರು ಪತ್ರಿಕೆ ಓದುತ್ತಿದ್ದಾರೆ. ವಲಸೆಗಾರನೊಬ್ಬ ಇಂಗ್ಲಿಷ್ ಕಲಿಯಲು ಬರುತ್ತಾನೆ. ಮೇಷ್ಟ್ರು ಒಂದೊಂದೇ ವಾಕ್ಯ ಹೇಳಿಕೊಡುತ್ತಾರೆ, ಅವನು ಪೂರ್ವ ಯುರೋಪಿನ ಉಚ್ಚಾರದಲ್ಲಿ ಅದನ್ನೇ ಒಪ್ಪಿಸುತ್ತಾನೆ. ಆ ವಾಕ್ಯಗಳಾದರೂ ಎಂಥವು? ವುಲ್ವರಿನ್ ಎಂಬ ಕಾಡುಪ್ರಾಣಿಯ ಬಗ್ಗೆ ತಲೆಬುಡವಿಲ್ಲದ ಮಾತುಗಳು. ಅಂಗಡಿಯಲ್ಲಾಗಲಿ ಬಸ್ಸಿನಲ್ಲಾಗಲಿ ಉಪಯೋಗಕ್ಕೆ ಬಾರದವು. ಕೊನೆಗೆ ಮೇಷ್ಟ್ರು ಎದೆ ಹಿಡಿದುಕೊಂಡು ಕೆಳಗೆ ಬಿದ್ದು ಪ್ರಾಣ ಬಿಡುತ್ತಾರೆ. ಶಿಷ್ಯನಿಗೆ ಒಂದು ಕ್ಷಣ ಗಲಿಬಿಲಿ. ಬಳಿಕ ಇದೂ ಪಾಠದ ಭಾಗವೇ ಇರಬೇಕೆಂದುಕೊಂಡು ತಾನೂ ಎದೆ ಹಿಡಿದುಕೊಂಡು ಧೊಪ್ಪನೆ ಬೀಳುತ್ತಾನೆ!

1975ರ ಅಕ್ಟೋಬರ್ 11ರ ಶನಿವಾರ ರಾತ್ರಿ ಹನ್ನೊಂದೂವರೆಗೆ ನ್ಯೂಯಾರ್ಕಿನ ಎನ್‌ಬಿಸಿ ವಾಹಿನಿ ನೇರ ಪ್ರಸಾರ ಮಾಡಿದ ಹೊಸ ಹಾಸ್ಯ ಕಾರ್ಯಕ್ರಮದ ಮೊತ್ತಮೊದಲ ಪ್ರಹಸನವಿದು. ಮೇಷ್ಟ್ರಾದವರು ಮೈಕೆಲ್ ಒ'ಡೊನೊಹ್ಯು, ಶಿಷ್ಯನಾದವರು ಜಾನ್ ಬೆಲುಶಿ. 'ಸ್ಯಾಟರ್ಡೇ ನೈಟ್ ಲೈವ್' ಎಂದು ಇಂದು ಜಗತ್ತು ಕರೆಯುವ ಕಾರ್ಯಕ್ರಮದ ಕಥೆ ಹೀಗೆ ಒಂದು ಭಾಷಾ ಪಾಠದಿಂದ ಆರಂಭವಾಯಿತು.

ಆಗ ನಾವಿನ್ನೂ ಹುಟ್ಟಿರಲಿಲ್ಲ. ಎಷ್ಟೋ ವರ್ಷಗಳ ಬಳಿಕ ಕಂಪ್ಯೂಟರಿನ ಪರದೆಯಲ್ಲಿ ಇದನ್ನು ನೋಡಿದಾಗ ನಕ್ಕೆವು. ಆದರೆ ನಗೆಯ ಹಿಂದೆಯೇ ನಮ್ಮ ಶಾಲೆಯ ಬೆಂಚು ನೆನಪಾಯಿತು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದ ನಮ್ಮ ನಾಲಿಗೆಗೆ 'ಳ'ವೂ ದಕ್ಕುತ್ತಿರಲಿಲ್ಲ, 'ಣ'ವೂ ದಕ್ಕುತ್ತಿರಲಿಲ್ಲ. ಬಾಳೆಹಣ್ಣು ನಮ್ಮ ಬಾಯಲ್ಲಿ 'ಬಾಲೆಹನ್ನು' ಆಗುತ್ತಿತ್ತು. ಮೇಷ್ಟ್ರು ಹೇಳಿದ್ದನ್ನು ಅರ್ಥವಾಗದೆಯೇ ಒಪ್ಪಿಸುತ್ತಿದ್ದೆವು. ತರಗತಿಯೆಲ್ಲಾ ನಗುತ್ತಿತ್ತು. ಕೆಲವೊಮ್ಮೆ ಆ ನಗೆಯಲ್ಲಿ ಗೆಳೆತನವಿತ್ತು, ಕೆಲವೊಮ್ಮೆ ಇರಲಿಲ್ಲ. ಯಾವುದು ಯಾವುದೆಂದು ಯಾರೂ ಹೇಳಿಕೊಡದಿದ್ದರೂ ನಮಗೆ ತಿಳಿಯುತ್ತಿತ್ತು. ಕನ್ನಡ ನಾಟಕ, ಸಿನಿಮಾಗಳಲ್ಲಿ 'ನಮ್ದೂಕೆ ನಿಮ್ದೂಕೆ' ಎಂದು ಮಾತಾಡುವ ಸಾಬಿಯ ಪಾತ್ರವನ್ನು ನೋಡಿ ಬೆಳೆದ ಯಾರಿಗೂ ಈ ವ್ಯತ್ಯಾಸವನ್ನು ವಿವರಿಸಬೇಕಿಲ್ಲ.

ಆದ್ದರಿಂದ ಈ ಕಾರ್ಯಕ್ರಮದ ಮೊದಲ ದಿನಗಳ ಬಗ್ಗೆ ಜನ ಹಂಬಲದಿಂದ ಮಾತಾಡುವಾಗ ನಮ್ಮ ಕಿವಿ ಮುರುಕು ಭಾಷೆಯ ಕಡೆಗೇ ಹೊರಳುತ್ತದೆ. ಹಂಬಲಕ್ಕೆ ಈಗ ಕಾಲವೂ ಕೂಡಿ ಬಂದಿದೆ. ಮೊದಲ ಪ್ರಸಾರಕ್ಕೆ ಮುಂಚಿನ ಒಂದೂವರೆ ಗಂಟೆಯ ಗಡಿಬಿಡಿಯನ್ನೇ ಕಥೆಯಾಗಿಸಿದ 'ಸ್ಯಾಟರ್ಡೇ ನೈಟ್' ಚಿತ್ರ 2024ರಲ್ಲಿ ತೆರೆಗೆ ಬಂತು. 2025ರ ಫೆಬ್ರವರಿ 16ರಂದು ಐವತ್ತು ವರ್ಷಗಳ ಸಂಭ್ರಮದ ವಿಶೇಷ ಪ್ರಸಾರವೂ ನಡೆಯಿತು. ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: 'ಆ ಮೊದಲ ಐದು ವರ್ಷಗಳ ನಗೆಯೇ ನಗೆ, ಆಮೇಲಿನದೆಲ್ಲ ಸಪ್ಪೆ.'

ಈ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಕಾರ್ಯಕ್ರಮ ಹುಟ್ಟಿದ್ದೇ ಖಾಲಿ ಬಿದ್ದ ಒಂದು ಜಾಗದಲ್ಲಿ. ವಾರಾಂತ್ಯದ ರಾತ್ರಿ ಜಾನಿ ಕಾರ್ಸನ್ ಅವರ ಜನಪ್ರಿಯ ಕಾರ್ಯಕ್ರಮದ ಹಳೆಯ ಕಂತುಗಳನ್ನು ಮರುಪ್ರಸಾರ ಮಾಡಲಾಗುತ್ತಿತ್ತು. ಅದನ್ನು ನಿಲ್ಲಿಸಿ ಎಂದು ಕಾರ್ಸನ್ ಕೇಳಿಕೊಂಡಾಗ ಶನಿವಾರದ ರಾತ್ರಿಗೆ ಏನಾದರೂ ಬೇಕಾಯಿತು. ಕೆನಡಾದ ಲಾರ್ನ್ ಮೈಕೆಲ್ಸ್‌ಗೆ ಆಗ ಮೂವತ್ತು ವರ್ಷ. ಅವರು ಕಟ್ಟಿದ ತಂಡದಲ್ಲಿ ಚೆವಿ ಚೇಸ್, ಬೆಲುಶಿ, ಡ್ಯಾನ್ ಆಕ್ರಾಯ್ಡ್, ಗಿಲ್ಡಾ ರಾಡ್ನರ್, ಜೇನ್ ಕರ್ಟಿನ್, ಲರೇನ್ ನ್ಯೂಮನ್, ಗ್ಯಾರೆಟ್ ಮಾರಿಸ್ ಇದ್ದರು. ಹಿಂದೆ ತೋಸ್ಕನೀನಿಯಂತಹ ಮಹಾನ್ ಸಂಗೀತ ನಿರ್ದೇಶಕರ ವಾದ್ಯವೃಂದ ನುಡಿಸುತ್ತಿದ್ದ 8ಎಚ್ ಸ್ಟುಡಿಯೋದಲ್ಲಿ ಈ ಹುಡುಗರು ಕುಣಿದರು. ತಪ್ಪಿದರೆ ತಿದ್ದಿಕೊಳ್ಳಲು ಅವಕಾಶವಿರಲಿಲ್ಲ, ಎಲ್ಲವೂ ನೇರ ಪ್ರಸಾರ.

ಅಧಿಕಾರಸ್ಥರನ್ನು ಅವರು ಗೇಲಿ ಮಾಡಿದರು ಎಂಬುದೂ ನಿಜ. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಎಡವುವುದನ್ನು ಚೆವಿ ಚೇಸ್ ಮತ್ತೆ ಮತ್ತೆ ಅಭಿನಯಿಸಿದರು. ಆದರೆ ಇಲ್ಲಿ ಹಂಬಲಿಗರು ಮರೆಯುವ ಒಂದು ಸಂಗತಿಯಿದೆ. 1976ರ ಏಪ್ರಿಲ್‌ನಲ್ಲಿ ಫೋರ್ಡ್ ಅವರ ಪತ್ರಿಕಾ ಕಾರ್ಯದರ್ಶಿ ರಾನ್ ನೆಸ್ಸೆನ್ ಅವರೇ ಈ ಕಾರ್ಯಕ್ರಮದ ಅತಿಥಿ ನಿರೂಪಕರಾದರು. ಮೊದಲೇ ಚಿತ್ರೀಕರಿಸಿದ ತುಣುಕುಗಳಲ್ಲಿ ಸ್ವತಃ ಫೋರ್ಡ್ ಕಾಣಿಸಿಕೊಂಡರು. ಗೇಲಿಗೊಳಗಾದ ಅಧ್ಯಕ್ಷ ಗೇಲಿ ಮಾಡುವವರ ಮನೆಗೇ ಬಂದು ನಕ್ಕು ಹೋದರು. ದೊಡ್ಡವರಿಗೆ ಆ ಸೌಲಭ್ಯವಿದೆ. ವೇದಿಕೆಗೆ ಬಂದು ನಗಲು ಆಮಂತ್ರಣವಿಲ್ಲದವರ ಗತಿಯೇನು? ಒಂದು ಹಾಸ್ಯದ ಯೋಗ್ಯತೆಯನ್ನು ಅಳೆಯಬೇಕಾದದ್ದು ಅಲ್ಲಿ.

ಆ ದಿನಗಳ ನಾಲ್ಕಾರು ಪ್ರಹಸನಗಳನ್ನು ಈ ದೃಷ್ಟಿಯಿಂದ ನೋಡೋಣ.

1978ರ ಜನವರಿಯಲ್ಲಿ ಪ್ರಸಾರವಾದ 'ಒಲಿಂಪಿಯಾ ಕೆಫೆ' ಒಂದು ಗ್ರೀಕ್ ಹೋಟೆಲು. ಗಲ್ಲೆಯ ಹಿಂದೆ ಬೆಲುಶಿ. ಗಿರಾಕಿ ಏನೇ ಕೇಳಲಿ, ಸಿಗುವುದು ಚೀಸ್‌ಬರ್ಗರ್ ಒಂದೇ. ಕೋಕ್ ಕೇಳಿದರೆ ಇಲ್ಲ, ಪೆಪ್ಸಿ ಕುಡಿಯಬೇಕು. ಇದನ್ನು ಬರೆದ ಡಾನ್ ನೊವೆಲ್ಲೊಗೆ ಶಿಕಾಗೋದ 'ಬಿಲ್ಲಿ ಗೋಟ್' ಎಂಬ ನಿಜವಾದ ಹೋಟೆಲು ಗೊತ್ತಿತ್ತು. ಬೆಲುಶಿಯ ತಂದೆಯೂ ಅಲ್ಬೇನಿಯಾದಿಂದ ಬಂದು ಶಿಕಾಗೋ ಕಡೆಯಲ್ಲಿ ಹೋಟೆಲು ನಡೆಸಿದವರು. ಇಲ್ಲಿ ಗ್ರೀಕರ ಇಂಗ್ಲಿಷ್ ಮುರುಕೇ. ಆದರೆ ಹೋಟೆಲು ಅವರದು, ಒಲೆ ಅವರದು, ನಿಯಮ ಅವರದು. ಶುದ್ಧ ಇಂಗ್ಲಿಷ್ ಬಲ್ಲ ಗಿರಾಕಿಯೇ ಸೋತು, ಅವರ ಉಚ್ಚಾರದಲ್ಲೇ ಚೀಸ್‌ಬರ್ಗರ್ ಕೇಳಬೇಕಾಗುತ್ತದೆ. ಭಾಷೆ ಮುರಿದಿದ್ದರೂ ಮನುಷ್ಯ ಮುರಿದಿಲ್ಲ. ಅದಕ್ಕೇ ಆ ಹೋಟೆಲಿನವರು ಈ ಗೇಲಿಯಿಂದ ನೊಂದುಕೊಳ್ಳಲಿಲ್ಲ, ಅದನ್ನೇ ತಮ್ಮ ಹೆಮ್ಮೆ ಮಾಡಿಕೊಂಡರು.

ಗಿಲ್ಡಾ ರಾಡ್ನರ್ ಅಭಿನಯಿಸಿದ ಎಮಿಲಿ ಲಿಟೆಲ್ಲಾ ಎಂಬ ಅಜ್ಜಿಯೂ ಈ ಜಾತಿಯವಳೇ. ಕಿವಿ ಮಂದ. ಒಂದು ಪದವನ್ನು ಇನ್ನೊಂದಾಗಿ ಕೇಳಿಸಿಕೊಂಡು ಸುದ್ದಿ ವಾಚನದ ನಡುವೆ ಆವೇಶದಿಂದ ವಾದಿಸುತ್ತಾಳೆ. ತಪ್ಪು ತಿಳಿದಾಗ ಇರಲಿ ಬಿಡಿ ಎಂದು ನಕ್ಕು ಎದ್ದು ಹೋಗುತ್ತಾಳೆ. ತನ್ನನ್ನು ಬಾಲ್ಯದಲ್ಲಿ ಸಾಕಿದ ದಾದಿಯನ್ನು ನೆನೆದು ರಾಡ್ನರ್ ಈ ಪಾತ್ರ ಮಾಡಿದ್ದರು. ಪ್ರೀತಿಸಿದವರನ್ನು ಅನುಕರಿಸುವುದಕ್ಕೂ ಕಾಣದವರನ್ನು ಅಣಕಿಸುವುದಕ್ಕೂ ಅಜಗಜಾಂತರ.

ಮೊದಲ ದಿನದ ಪಾಠಕ್ಕೇ ಮರಳಿದರೆ, ಅಲ್ಲಿಯೂ ದಡ್ಡ ಶಿಷ್ಯನಲ್ಲ. ಅರ್ಥವಿಲ್ಲದ್ದನ್ನು ಕಲಿಸುವ ಪಾಠವೇ ದಡ್ಡ. ವಿಧೇಯನಾಗಿ ಸಾಯುವಷ್ಟರ ಮಟ್ಟಿಗೆ ಅವನು ಒಳ್ಳೆಯ ವಿದ್ಯಾರ್ಥಿ!

ಈಗ ಇನ್ನೊಂದು ಮಗ್ಗುಲು. ಇದೇ ಬೆಲುಶಿ ಸಮುರಾಯ್ ಆಗಿ ಕತ್ತಿ ಬೀಸುತ್ತಾ, ಜಪಾನಿ ಭಾಷೆಯಂತೆ ಕೇಳಿಸುವ ಅರ್ಥವಿಲ್ಲದ ಸದ್ದು ಮಾಡಿದರು. ಅವರ ದೇಹಭಾಷೆ ಅದ್ಭುತ, ಒಪ್ಪೋಣ. ಆದರೆ ಆ ಸದ್ದಿನೊಳಗೆ ಜಪಾನಿನವನೊಬ್ಬನೂ ಇಲ್ಲ. 1979-80ರ ಐದನೇ ಸರಣಿಯಲ್ಲಿ 'ದಿ ಬೆಲ್-ಏರಬ್ಸ್' ಎಂಬ ಪ್ರಹಸನ ಬಂತು. ಹಳ್ಳಿಗರು ದಿಢೀರ್ ಶ್ರೀಮಂತರಾಗಿ ಸಿರಿವಂತರ ಬಡಾವಣೆಗೆ ಬರುವ ಹಳೆಯ ಧಾರಾವಾಹಿಯೊಂದರ ಅಣಕವದು. ಹಳ್ಳಿಗರ ಜಾಗದಲ್ಲಿ ತೈಲದ ಹಣ ಕಂಡ ಅರಬರು. ಪೆಟ್ರೋಲಿಗಾಗಿ ಅಮೆರಿಕನ್ನರು ಸರತಿ ನಿಂತು ಸಿಡುಕಿದ್ದ ಕಾಲವದು. ಆ ಸಿಡುಕಿಗೆ ಒಂದು ಮುಖ ಬೇಕಿತ್ತು, ಸಿಕ್ಕಿತು. ಟಿವಿಯಲ್ಲಿ ಅರಬರ ಚಿತ್ರಣವನ್ನು ಅಧ್ಯಯನ ಮಾಡಿದ ಜ್ಯಾಕ್ ಶಹೀನ್ ತಮ್ಮ 'ದಿ ಟಿವಿ ಅರಬ್' ಕೃತಿಯನ್ನು 1984ರಲ್ಲಿ ಪ್ರಕಟಿಸಿದರು. ಕೋಟ್ಯಧಿಪತಿ, ಬಾಂಬು ಹಾಕುವವ, ಹೊಟ್ಟೆ ಕುಣಿಸುವವಳು, ಇಷ್ಟರಲ್ಲೇ ಒಂದು ಜನಾಂಗ ಮುಗಿದು ಹೋಗುತ್ತಿತ್ತೆಂಬುದು ಅವರ ಅಳಲು. ಅಧ್ಯಕ್ಷರಿಗಿದ್ದಂತೆ ಆ ಅರಬರಿಗೆ ಸ್ಟುಡಿಯೋಗೆ ಬಂದು ನಗುವ ಅವಕಾಶ ಇತ್ತೇ?

ಅವಕಾಶದ ಮಾತು ಬಂದಾಗ ಗ್ಯಾರೆಟ್ ಮಾರಿಸ್ ನೆನಪಾಗುತ್ತಾರೆ. ಮೊದಲ ತಂಡದ ಏಳು ಜನರಲ್ಲಿ ಇವರೊಬ್ಬರೇ ಕರಿಯರು, ವಯಸ್ಸಿನಲ್ಲಿ ಹಿರಿಯರು. ನಾಟಕಕಾರ, ಹ್ಯಾರಿ ಬೆಲಫಾಂಟೆಯ ಗಾಯನ ತಂಡದಲ್ಲಿ ಹಾಡಿದವರು. ಇಂಥವರಿಗೆ ಸಿಕ್ಕಿದ ಪಾತ್ರಗಳಾದರೂ ಯಾವುವು? ಕಿವುಡರಿಗಾಗಿ ಸುದ್ದಿಯ ತಲೆಬರಹಗಳನ್ನು ಅರಚುವುದು. ತಂಡದಲ್ಲಿ ಕರಿಯ ಹೆಣ್ಣೊಬ್ಬಳೂ ಇಲ್ಲದ್ದರಿಂದ ಸೀರೆಯುಟ್ಟ ನಮ್ಮ ಕಂಪನಿ ನಾಟಕದ ಗಂಡಸರಂತೆ ಹೆಣ್ಣಿನ ಉಡುಪು ತೊಡುವುದು. ಯಿವಾನ್ ಹಡ್ಸನ್ ಮೂಲಕ ಕರಿಯ ಮಹಿಳೆಯೊಬ್ಬಳು ತಂಡದೊಳಗೆ ಕಾಲಿಡುವಾಗ 1980 ಬಂದಿತ್ತು. ಮಾರಿಸ್ ಅವರ ಅತ್ಯಂತ ಜನಪ್ರಿಯ ಪಾತ್ರ ಚಿಕೊ ಎಸ್ಕುಯೆಲಾ, ಡೊಮಿನಿಕನ್ ಬೇಸ್‌ಬಾಲ್ ಆಟಗಾರ. ಬೇಸ್‌ಬಾಲ್ ತನಗೆ ಒಳ್ಳೆಯದು ಮಾಡಿದೆ ಎಂಬ ಒಂದೇ ವಾಕ್ಯವನ್ನು ಮುರುಕು ಇಂಗ್ಲಿಷಿನಲ್ಲಿ ಹೇಳುತ್ತಲೇ ಇರುವುದು ಅವನ ಕೆಲಸ. ಎಸ್ಕುಯೆಲಾ ಎಂದರೆ ಸ್ಪ್ಯಾನಿಷಿನಲ್ಲಿ ಶಾಲೆ. ಶಾಲೆಯೆಂಬ ಹೆಸರಿನವನಿಗೆ ಒಂದೇ ಒಂದು ವಾಕ್ಯ! ಜನ ಬಿದ್ದು ಬಿದ್ದು ನಕ್ಕರು. ಹೊರಗೆ ನಿಲ್ಲಿಸಲ್ಪಟ್ಟವನಿಂದಲೇ ಮತ್ತೊಬ್ಬ ಹೊರಗಿನವನನ್ನು ಅಣಕ ಮಾಡಿಸುವ ಈ ವ್ಯವಸ್ಥೆ ನಮಗೆ ಅಪರಿಚಿತವೇನಲ್ಲ.

ಹಾಗೆಂದು ಆ ವೇದಿಕೆಯಲ್ಲಿ ಬೇರೆ ಸಾಧ್ಯತೆ ಇರಲೇ ಇಲ್ಲವೆಂದಲ್ಲ. 1975ರ ಡಿಸೆಂಬರ್‌ನಲ್ಲಿ ರಿಚರ್ಡ್ ಪ್ರಯರ್ ಅತಿಥಿಯಾಗಿ ಬಂದರು. ಅವರ ಬಾಯಿಗೆ ವಾಹಿನಿಯವರು ಹೆದರಿದ್ದರು. ಪ್ರಯರ್ ತಮ್ಮ ಗೆಳೆಯ ಪಾಲ್ ಮೂನಿಯನ್ನು ಬರಹಗಾರನಾಗಿ ಸೇರಿಸಿಕೊಳ್ಳಬೇಕೆಂದು ಪಟ್ಟು ಹಿಡಿದರು. ಅಂದಿನ ಒಂದು ಪ್ರಹಸನದಲ್ಲಿ ಕೆಲಸ ಕೇಳಿ ಬಂದ ಪ್ರಯರ್‌ಗೆ ಚೆವಿ ಚೇಸ್ ಒಂದೊಂದೇ ಪದ ಹೇಳುತ್ತಾರೆ, ಥಟ್ಟನೆ ಹೊಳೆದ ಪದವನ್ನು ಇವರು ಹೇಳಬೇಕು. ಸಾಮಾನ್ಯ ಪದಗಳಿಂದ ಆರಂಭವಾದದ್ದು ಕರಿಯರನ್ನು ಹೀಯಾಳಿಸುವ ಬೈಗುಳಗಳತ್ತ ಜಾರುತ್ತದೆ. ಪ್ರಯರ್ ಮುಖದ ಮಾಂಸಖಂಡ ಅದುರತೊಡಗುತ್ತದೆ. ಪ್ರತಿ ಬೈಗುಳಕ್ಕೂ ತಿರುಗಿ ಬೈಗುಳ. ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಈ ಕಾರ್ಯಕ್ರಮದವರು ತನ್ನನ್ನು ಪ್ರಶ್ನಿಸಿದ ರೀತಿಯಿಂದಲೇ ಇದು ಹುಟ್ಟಿತೆಂದು ಮೂನಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅವಮಾನಿತನ ಕೈಗೇ ಲೇಖನಿ ಸಿಕ್ಕಿದಾಗ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ನಮ್ಮ ದೃಷ್ಟಿಯಲ್ಲಿ ಆ ಐದು ವರ್ಷಗಳ ಶ್ರೇಷ್ಠ ನಿಮಿಷಗಳಿವು. ಪ್ರಯರ್ ಮರುದಿನ ಹೊರಟು ಹೋದರು, ಮಾರಿಸ್ ಅಲ್ಲೇ ಉಳಿದರು ಎಂಬುದನ್ನೂ ಮರೆಯಬಾರದು.

ಉರ್ದುವಿನಲ್ಲಿ 'ತಂಜ್' ಮತ್ತು 'ಮಿಜಾಹ್' ಎಂಬ ಎರಡು ಪದಗಳನ್ನು ಜೋಡಿಯಾಗಿಯೇ ಬಳಸುತ್ತಾರೆ. ಒಂದು ಚುಚ್ಚುವ ವ್ಯಂಗ್ಯ, ಇನ್ನೊಂದು ತಂಪೆರೆಯುವ ವಿನೋದ. ಪ್ರಯರ್ ಅವರದು ತಂಜ್, ಒಲಿಂಪಿಯಾ ಕೆಫೆಯದು ಮಿಜಾಹ್. ಎರಡೂ ಬೇಕು. ಆದರೆ ಬೆಲ್-ಏರಬ್ಸ್‌ನಂತಹದ್ದು ಎರಡೂ ಅಲ್ಲ. ಗುಂಪಿನಲ್ಲಿ ನಿಂತು ಒಬ್ಬನತ್ತ ಬೆರಳು ತೋರುವುದಕ್ಕೆ ಬೇರೆಯೇ ಹೆಸರಿದೆ. ಹಳೆಯದನ್ನು ಹಂಬಲಿಸುವವರು ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿ 'ಆಹಾ, ಆ ದಿನಗಳು!' ಎನ್ನುತ್ತಾರೆ.

ವಿಚಿತ್ರವೆಂದರೆ ಈ ಹಂಬಲವನ್ನು ಅವರೇ ಅಂದೇ ಗೇಲಿ ಮಾಡಿದ್ದರು. ಕಾರ್ಯಕ್ರಮಕ್ಕೆ ಮೂರು ವರ್ಷವೂ ತುಂಬಿರದ 1978ರಲ್ಲಿ ಟಾಮ್ ಶಿಲ್ಲರ್ ಒಂದು ಕಿರುಚಿತ್ರ ಮಾಡಿದರು. ಮುದುಕನ ವೇಷದ ಬೆಲುಶಿ ಹಿಮ ಮುಸುಕಿದ ಸ್ಮಶಾನಕ್ಕೆ ಬರುತ್ತಾರೆ. ತಂಡದವರೆಲ್ಲ ತೀರಿಕೊಂಡಿದ್ದಾರೆ, ಉಳಿದವರು ಇವರೊಬ್ಬರೇ. ಒಂದೊಂದೇ ಸಮಾಧಿಯ ಬಳಿ ನೆನಪು ಮಾಡಿಕೊಂಡು, ಕೊನೆಗೆ ಸಮಾಧಿಗಳ ನಡುವೆ ಕುಣಿಯುತ್ತಾರೆ. ವಿಧಿ ನಕ್ಕಿತು. ಮೊದಲು ಹೋದವರು ಬೆಲುಶಿಯೇ, 1982ರಲ್ಲಿ, ಕೇವಲ ಮೂವತ್ತಮೂರರ ಪ್ರಾಯದಲ್ಲಿ, ಮಾದಕ ವಸ್ತುಗಳಿಗೆ ಬಲಿಯಾಗಿ. ರಾಡ್ನರ್ 1989ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಐವತ್ತರ ಸಂಭ್ರಮದ ರಾತ್ರಿ ಈ ಕಿರುಚಿತ್ರವನ್ನು ಮತ್ತೆ ತೋರಿಸಲಾಯಿತು. ಅದನ್ನು ವೇದಿಕೆಗೆ ಬಂದು ಪರಿಚಯಿಸಿದವರು ಎಂಬತ್ತೆಂಟರ ಗ್ಯಾರೆಟ್ ಮಾರಿಸ್. ಅಂದು ಅಂಚಿನಲ್ಲಿ ನಿಂತವರೇ ಇಂದು ನೆನಪಿನ ಬಾಗಿಲು ತೆರೆದರು.

ಅಷ್ಟರಲ್ಲಿ ಬೇರೆ ಬಾಗಿಲುಗಳೂ ತೆರೆದಿದ್ದವು. 2017ರ ಜನವರಿ 21ರಂದು, ಟ್ರಂಪ್ ಮೊದಲ ಬಾರಿ ಪ್ರಮಾಣವಚನ ಸ್ವೀಕರಿಸಿದ ಮರುದಿನ, ತಮಿಳು ಮುಸ್ಲಿಂ ದಂಪತಿಯ ಮಗ ಅಜೀಜ್ ಅನ್ಸಾರಿ ಆ ವೇದಿಕೆಯಲ್ಲಿ ನಿಂತರು. ದಕ್ಷಿಣ ಏಷ್ಯಾ ಮೂಲದ ಮೊದಲ ಅತಿಥಿ ನಿರೂಪಕ. ತೆರೆಯ ಮೇಲೆ ಯಾರಾದರೂ ನಮಾಜು ಮಾಡಿದರೆ ಸಾಕು, ಹಿನ್ನೆಲೆಯಲ್ಲಿ ಭಯಾನಕ ಸಂಗೀತ ಕೇಳಿಸುತ್ತದಲ್ಲ ಎಂದು ನಗಿಸಿದರು. 2024ರ ಮಾರ್ಚ್ 30ರಂದು, ರಮಝಾನ್ ತಿಂಗಳಲ್ಲಿ, ಈಜಿಪ್ಟ್ ಮೂಲದ ರಾಮಿ ಯೂಸುಫ್ ಅಲ್ಲಿ ನಿಂತು ಫೆಲೆಸ್ತೀನಿನ ಜನರ ಮತ್ತು ಒತ್ತೆಯಾಳುಗಳ ಬಿಡುಗಡೆಗಾಗಿ ತಾನು ಪ್ರಾರ್ಥಿಸಿದ್ದನ್ನು ನಗೆಯ ನಡುವೆಯೇ ಹೇಳಿದರು. ಆ ಕಾರ್ಯಕ್ರಮದ ಎಲ್ಲ ದೋಷಗಳೂ ತೊಳೆದು ಹೋದವೆಂದು ಇದರರ್ಥವಲ್ಲ. ಆದರೆ 'ಮೊದಲಿನದೇ ಚೆನ್ನ' ಎನ್ನುವವರ ಮಾತನ್ನು ನಾವು ಪೂರ್ತಿ ಒಪ್ಪಲಾರೆವು. ಮೊದಲಿನ ದಿನಗಳಲ್ಲಿ ನಾವು ವೇದಿಕೆಯ ಮೇಲೆ ಇರಲಿಲ್ಲ, ನಮ್ಮ ವೇಷವಷ್ಟೇ ಇತ್ತು.

ಮೊನ್ನೆ ಮಗಳಿಗೆ ಆ ಮೊದಲ ಪ್ರಹಸನ ತೋರಿಸಿದೆವು. ಅವಳ ಕನ್ನಡದಲ್ಲಿ 'ಳ'ವೂ ಇದೆ, 'ಣ'ವೂ ಇದೆ. ಶಿಷ್ಯ ಬಿದ್ದಾಗ ಚಪ್ಪಾಳೆ ತಟ್ಟಿ ನಕ್ಕಳು. ಆಮೇಲೆ ಕೇಳಿದಳು: "ಅಬ್ಬಾ, ಪಾಪ, ಅವನಿಗೆ ಸರಿಯಾದ ವಾಕ್ಯ ಯಾರು ಕಲಿಸ್ತಾರೆ?"