ಬಿಟ್ಟುಹೋದ ಪಾಠ

ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ, 2023ರ ಮುದ್ರಣದ ಹೊತ್ತಿಗೆ, ‘ಶಕ್ತಿಯ ಮೂಲಗಳು’ ಎಂಬ ಅಧ್ಯಾಯ ಮಾಯವಾಗಿದೆ. ಮಕ್ಕಳ ಹೊರೆ ಇಳಿಯಬೇಕು, ನಿಜ. ಆದರೆ ಇಳಿಸಿದ್ದು ಯಾವುದನ್ನು?

ಒಂಬತ್ತನೆಯ ತರಗತಿಯಲ್ಲಿ ‘ಶಕ್ತಿಗೆ ನಾಶವಿಲ್ಲ’ ಎಂದು ಓದಿದ ಮಗು, ‘ಹಾಗಾದರೆ ಫ್ಯಾನ್ ಆರಿಸುವುದೇಕೆ?’ ಎಂದು ಕೇಳದಿರುತ್ತದೆಯೇ? ನಾಶವಿಲ್ಲದ ಶಕ್ತಿಗೆ ಅಭಾವವೇಕೆಂಬ ಪ್ರಶ್ನೆಯಿಂದಲೇ ಆ ಅಧ್ಯಾಯ ಆರಂಭವಾಗುತ್ತಿತ್ತು. ಶಕ್ತಿ ನಾಶವಾಗದಿದ್ದರೂ ಕೆಲಸಕ್ಕೆ ಬಾರದ ಶಾಖವಾಗಿ ಚದುರುತ್ತದೆ. ಸುಟ್ಟ ಕಲ್ಲಿದ್ದಲು ಮರಳಿ ಬಾರದು. ಇದನ್ನು ತಿಳಿಸದೆ ‘ವಿದ್ಯುತ್ ಉಳಿಸಿ’ ಎಂದರೆ ಅದು ಬರಿಯ ಉಪದೇಶ.

ಹಳೆಯ ಪಾಠಕ್ಕೂ ಊರಿನ ಪರಿಚಯವಿರಲಿಲ್ಲ, ಒಪ್ಪಿದೆ. ಕತಾರ್‌ಗಾಮಿನ ನಮ್ಮ ಮಕ್ಕಳಿಗೆ ತಾಪಿ ನದಿಯೇ ಪಾಠ. ಉಕಾಯಿ ಅಣೆಕಟ್ಟಿನಲ್ಲಿ ಅದು ವಿದ್ಯುತ್ ಕೊಡುತ್ತದೆ; 2006ರ ಆಗಸ್ಟಿನಲ್ಲಿ ಅಲ್ಲಿಂದಲೇ ಬಿಟ್ಟ ನೀರು ಸೂರತ್ತನ್ನು ಮುಳುಗಿಸಿತು. ಪುಸ್ತಕ ಬಿಟ್ಟದ್ದನ್ನು ಭಾನುವಾರ ನಾವೇ ಹೇಳಿಕೊಡಬಾರದೇಕೆ?