ಅಂಗಳದ ವಾರಕ್ಕೆ ಬಿಸಿಲಿನ ಲೆಕ್ಕ

ಕಾರ್ತಿಕದ ಕೊನೆಯಲ್ಲಿ ಹವಾಮಾನ ವರದಿ ನೋಡುವವರು ಎರಡು ಬಗೆ. ಕೊಡೆ ಒಯ್ಯಬೇಕೇ ಎಂದು ನೋಡುವವರು ಕೆಲವರು, ಟಾರ್ಪಾಲು ತೆಗೆಯಬಹುದೇ ಎಂದು ನೋಡುವವರು ಹಲವರು. ಕೊಡೆಯವರಿಗೆ ಬೇಕಾದ್ದು ಮೇಲ್ಗಡೆಯೇ ಬಣ್ಣದಲ್ಲಿ ಸಿಕ್ಕಿಬಿಡುತ್ತದೆ: ಹಳದಿ, ಕಿತ್ತಳೆ, ಕೆಂಪು. ಟಾರ್ಪಾಲಿನವರಿಗೆ ಬೇಕಾದ್ದು ಕೋಷ್ಟಕದ ಒಳಗೆಲ್ಲೋ ಅಡಗಿರುತ್ತದೆ. ಈ ವಾರದ ಅಂಕಣ ಅವರದು.

ಈ ವಾರ ನಾಡಿನ ಅರ್ಧ ದುಡಿಮೆ ಅಂಗಳದಲ್ಲಿ ಬಿದ್ದಿರುತ್ತದೆ. ಕೋಲಾರ, ತುಮಕೂರು, ಹಾಸನದ ಕಡೆ ಕೊಯ್ದ ರಾಗಿ ಹೊಲದಲ್ಲೇ ಒಣಗುತ್ತಿರುತ್ತದೆ, ಮೆದೆಗೆ ಇನ್ನೂ ಏರಿರುವುದಿಲ್ಲ. ಚಿಕ್ಕಮಗಳೂರು, ಕೊಡಗು, ಸಕಲೇಶಪುರದಲ್ಲಿ ಅರೇಬಿಕಾ ಹಣ್ಣು ಕಣಕ್ಕೆ ಬರುತ್ತಿರುತ್ತದೆ. ಶಿರಸಿ, ಸಾಗರ, ತೀರ್ಥಹಳ್ಳಿಯಲ್ಲಿ ಅಡಿಕೆ ಕೊಯ್ಲು ಶುರು. ಬೇಯಿಸಿದ ಅಡಿಕೆ ನಾಲ್ಕಾರು ದಿನ ಬಿಸಿಲು ಕಂಡರೆ ಸುಧಾರಿಸಿಕೊಳ್ಳುತ್ತದೆ. ಹಣ್ಣಾದದ್ದನ್ನು ಸಿಪ್ಪೆಸಹಿತ ಚಾಲಿಗೆ ಹಾಕಿದ್ದಕ್ಕೆ ನಲವತ್ತು ದಿನದ ಬಿಸಿಲು ಬೇಕು. ಇವರ್ಯಾರಿಗೂ ಎಷ್ಟು ಮಳೆ ಬಿದ್ದೀತು ಎಂಬ ಚಿಂತೆ ಅಷ್ಟಿಲ್ಲ. ಸಾಲಾಗಿ ಎಷ್ಟು ದಿನ ಬಿಸಿಲು ಸಿಕ್ಕೀತು ಎಂಬುದೇ ಅವರ ಪ್ರಶ್ನೆ.

ಹವಾಮಾನ ಇಲಾಖೆಯ ಮಾಪನ ಈ ಪ್ರಶ್ನೆಗೆ ಹೊಂದುವಂಥದ್ದಲ್ಲ. ದಿನಕ್ಕೆ 2.5 ಮಿಲಿಮೀಟರ್ ಮುಟ್ಟದಿದ್ದರೆ ಅದು ಅವರ ಲೆಕ್ಕದಲ್ಲಿ ಮಳೆಯ ದಿನವೇ ಅಲ್ಲ. ‘ಭಾರೀ’ ಎನ್ನಿಸಿಕೊಳ್ಳಬೇಕಾದರೆ 64.5 ಮಿಲಿಮೀಟರ್ ದಾಟಬೇಕು. ಹೊಳೆ ಉಕ್ಕುವುದನ್ನೋ ರಸ್ತೆ ಮುಳುಗುವುದನ್ನೋ ಎಚ್ಚರಿಸಲು ಇದು ಸರಿಯಾದ ಅಳತೆಯೇ. ಕಾಫಿ ಕಣಕ್ಕೆ ಮಾತ್ರ ದಿನವಿಡೀ ಉದುರಿದ ಎರಡು ಮಿಲಿಮೀಟರ್ ಸೋನೆ ಸಾಕು. ಸಿಪ್ಪೆ ಬಿಡಿಸಿ ತೊಳೆದು ಹರಡಿದ ಬೀಜ ಒಣಗಲು ವಾರದ ಮೇಲೆ ಬಿಸಿಲು ಬೇಕು. ಅಳತೆ ಡಬ್ಬಿಯಲ್ಲಿ ತುಂಬಿ ತೂಗಿದಾಗ ಎರಡು ದಿನ ಒಂದೇ ತೂಕ ಬಂದರೆ ಒಣಗಿತು ಎಂದರ್ಥ. ನಡುವೆ ಎರಡು ದಿನ ಟಾರ್ಪಾಲಿನ ಕೆಳಗೆ ಬೆವರಿದರೆ ಬೂಷ್ಟು ಹಿಡಿಯಬಹುದು, ವಾಸನೆ ಕೆಡಬಹುದು. ಅಷ್ಟು ನಷ್ಟ ಮಾಡಿದ ದಿನಕ್ಕೆ ಮಳೆಯ ನಕ್ಷೆಯಲ್ಲಿ ಹಸಿರು ಬಣ್ಣವೇ ಇದ್ದೀತು.

ಹಾಗಾದರೆ ಬಿಸಿಲಿನ ಸುದ್ದಿ ಎಲ್ಲಿ ಹುಡುಕಬೇಕು? ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಕೃಷಿ ಹವಾಮಾನ ಪ್ರಕಟಣೆ ಹೊರಬೀಳುತ್ತದೆ. ಮುಂದಿನ ಐದು ದಿನದ ಕೋಷ್ಟಕದಲ್ಲಿ ಮಳೆ, ಗರಿಷ್ಠ, ಕನಿಷ್ಠ, ಆರ್ದ್ರತೆ, ಗಾಳಿಯ ಜೊತೆಗೆ ಮೋಡದ ಪ್ರಮಾಣವೂ ಇರುತ್ತದೆ. ಬಹಳ ಮಂದಿ ಆ ಸಾಲಿನ ಮೇಲೆ ಕಣ್ಣನ್ನೇ ಹಾಯಿಸುವುದಿಲ್ಲ. ಆಕಾಶವನ್ನು ಎಂಟು ಪಾಲು ಮಾಡಿ, ಎಷ್ಟು ಪಾಲು ಮೋಡ ಎಂದು ಅಲ್ಲಿ ಹೇಳಿರುತ್ತಾರೆ. ಸೊನ್ನೆ ಅಂದರೆ ಬಾನು ಬಯಲು, ಎಂಟು ಅಂದರೆ ಪೂರ್ತಿ ಮುಚ್ಚಿದೆ. ನನ್ನ ರೂಢಿಯ ಪ್ರಕಾರ ಮೂರರವರೆಗೆ ಧೈರ್ಯವಾಗಿ ಹರಡಬಹುದು. ನಾಲ್ಕೈದಕ್ಕೆ ಬಂದರೆ ಮಧ್ಯಾಹ್ನದ ಮೇಲೆ ಕಣ್ಣಿಡಬೇಕು. ಆರು ದಾಟಿದರೆ, ಮಳೆಯ ಸಾಲಿನಲ್ಲಿ ಸೊನ್ನೆ ಇದ್ದರೂ ಹೊಸದಾಗಿ ಕೊಯ್ಯುವ ಗೋಜಿಗೆ ಹೋಗಬೇಡಿ.

ಮೋಡದ ಸಾಲು ಸಿಗದವರು ಉಷ್ಣಾಂಶದ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಕಳೆಯಲಿ. ಬೆಂಗಳೂರಿನಲ್ಲಿ ನವೆಂಬರಿನ ಗರಿಷ್ಠ 27 ಡಿಗ್ರಿ ಆಸುಪಾಸು, ಕನಿಷ್ಠ 17-18. ಹತ್ತಿರ ಹತ್ತಿರ ಹತ್ತು ಡಿಗ್ರಿ ಅಂತರ. ಮೋಡ ಕವಿದರೆ ಹಗಲು ಬಿಸಿಲು ನೆಲ ಮುಟ್ಟುವುದಿಲ್ಲ, ರಾತ್ರಿ ನೆಲದ ಕಾವು ಮೇಲೇರಿ ಹೋಗುವುದಿಲ್ಲ. ಗರಿಷ್ಠ ಇಳಿಯುತ್ತದೆ, ಕನಿಷ್ಠ ಏರುತ್ತದೆ, ಅಂತರ ನಾಲ್ಕೈದಕ್ಕೆ ಕುಗ್ಗುತ್ತದೆ. ಮುಂದಿನ ನಾಲ್ಕು ದಿನದ ಅಂತರ ಹಿಗ್ಗುತ್ತಾ ಹೋಗುತ್ತಿದ್ದರೆ ಬಿಸಿಲು ದಾರಿಯಲ್ಲಿದೆ ಎಂದೇ ತಿಳಿಯಿರಿ.

ಇನ್ನು ಈ ವಾರದ ಸೂತ್ರಧಾರ ಬಂಗಾಳಕೊಲ್ಲಿ. ನವೆಂಬರ್ 19ರ ಆಸುಪಾಸಿನಲ್ಲಿ ಅನುರಾಧ ಮಳೆ ಹುಟ್ಟುತ್ತದೆ ಎನ್ನುತ್ತದೆ ಪಂಚಾಂಗ. ಮುಂಗಾರು ಅಷ್ಟರಲ್ಲಿ ಊರು ಬಿಟ್ಟಾಗಿರುತ್ತದೆ, ಮೂಡಗಾಳಿ ಬೀಸತೊಡಗಿರುತ್ತದೆ. ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದೊಡನೆ ನಾವೆಲ್ಲ ಅದರ ಬಲ ಕೇಳುತ್ತೇವೆ. ಕರ್ನಾಟಕದ ಮಟ್ಟಿಗೆ ಅದಕ್ಕಿಂತ ಮುಖ್ಯ ಅದು ಹಿಡಿಯುವ ದಾರಿ.

ನಾಗಪಟ್ಟಣ, ಪುದುಚೇರಿ, ಚೆನ್ನೈ ಕಡೆಗೆ ಮುಖ ಮಾಡಿದರೆ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು, ಚಾಮರಾಜನಗರ ಅದರ ದಾರಿಗೆ ಬೀಳುತ್ತವೆ. ಹಳೇ ಮೈಸೂರಿನವರು ಸೈಕ್ಲೋನ್ ಮಳೆ ಅನ್ನುವುದು ಇದನ್ನೇ: ಗುಡುಗಿಲ್ಲ, ಮಿಂಚಿಲ್ಲ, ಬಿಡುವೂ ಇಲ್ಲ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ಅಲ್ಲೇ ಗಂಟೆಗಟ್ಟಲೆ ಠಿಕಾಣಿ ಹೂಡಿ, ಆ ಊರೊಂದರಲ್ಲೇ ದಿನಕ್ಕೆ 45 ಸೆಂಟಿಮೀಟರಿಗೂ ಹೆಚ್ಚು ಸುರಿಯಿತು. ಬಲ ಕಳೆದುಕೊಂಡ ಮೇಲೂ, ‘ಮಳೆ ನಿಂತರೂ ಮರದ ಹನಿ ನಿಲ್ಲದು’ ಎಂಬಂತೆ, ದಕ್ಷಿಣ ಒಳನಾಡನ್ನು ದಾಟಿ ಅರಬ್ಬಿ ಸಮುದ್ರಕ್ಕಿಳಿಯಿತು. ಡಿಸೆಂಬರಿನ ಮೊದಲ ದಿನಗಳಲ್ಲಿ ಕರಾವಳಿ, ಕೊಡಗಿನಲ್ಲೂ ಮಳೆ ಹೊಡೆಯಿತು. ಚಂಡಮಾರುತ ದಡ ಮುಟ್ಟಿತು, ಇನ್ನೇನು ಮುಗಿಯಿತು ಎಂದು ಮರುದಿನವೇ ಅಡಿಕೆ ಸುಲಿಯಲು ಕೂತವರು ಇದನ್ನು ನೆನಪಿಡಬೇಕು. ದಡ ಮುಟ್ಟಿದ ಮೇಲೂ ಮೂರು ದಿನದ ಲೆಕ್ಕ ಬಾಕಿ ಇರುತ್ತದೆ. 2021ರ ನವೆಂಬರಿನಲ್ಲಿ ಒಂದರ ಹಿಂದೊಂದು ಬಂದ ಮೋಡಗಳು ರಾಗಿ ತೆನೆಯನ್ನು ಹೊಲದಲ್ಲೇ ಮೊಳೆಯಿಸಿದವು, ಕಾಫಿ ಹಣ್ಣನ್ನು ಗಿಡದ ಬುಡಕ್ಕೆ ಉದುರಿಸಿದವು, ಯಲಹಂಕದ ಬಡಾವಣೆಗಳಿಗೆ ಕೆರೆ ನೀರು ನುಗ್ಗಿಸಿದವು.

ಅದೇ ಕುಸಿತ ಉತ್ತರಕ್ಕೆ ತಿರುಗಿ ಒಡಿಶಾ, ಬಂಗಾಳದ ಕಡೆ ಹೋದರೆ ಕಥೆಯೇ ಬೇರೆ. 2019ರ ನವೆಂಬರಿನಲ್ಲಿ ಬುಲ್‌ಬುಲ್ ಚಂಡಮಾರುತ ಪಶ್ಚಿಮ ಬಂಗಾಳದ ಸಾಗರ ದ್ವೀಪದ ಬಳಿ ದಡ ಸೇರಿದ್ದು ಇಂಥ ದಾರಿಯಲ್ಲಿ. ಸುಳಿಗಾಳಿ ತನ್ನ ಕಡೆಗೆ ತೇವವನ್ನೆಲ್ಲ ಸೆಳೆದುಕೊಳ್ಳುವಾಗ ನಮ್ಮತ್ತ ಉತ್ತರ, ವಾಯವ್ಯದ ಒಣಗಾಳಿ ಇಳಿಯುತ್ತದೆ. ಟಿವಿಯಲ್ಲಿ ಚಂಡಮಾರುತದ ಅಬ್ಬರ ನಡೆದಿರುತ್ತದೆ, ನಮ್ಮ ಕಣಕ್ಕೆ ಮಾತ್ರ ವರ್ಷದ ಒಳ್ಳೆಯ ಬಿಸಿಲು. ಕುಸಿತ ಅಂದ ಕೂಡಲೇ ಕೆಲಸ ನಿಲ್ಲಿಸುವವರು ಕಳೆದುಕೊಳ್ಳುವುದು ಇಂಥ ದಿನಗಳನ್ನೇ.

ಬಯಲುಸೀಮೆಯ ಎರೆ ನೆಲದವರ ಲೆಕ್ಕ ಇನ್ನೂ ಸೂಕ್ಷ್ಮ. ವಿಜಯಪುರ, ಬಾಗಲಕೋಟೆಯ ಹಿಂಗಾರಿ ಜೋಳ ನೆಲದೊಳಗಿನ ಹಸಿಯನ್ನೇ ನಂಬಿ ನಿಂತಿರುತ್ತದೆ. ಒಂದು ಹದ ಮಳೆ ಬಂದರೆ ಅದಕ್ಕೆ ಹಬ್ಬ. ಅದೇ ಜಿಲ್ಲೆಯಲ್ಲಿ ಅಕ್ಟೋಬರಿನಲ್ಲಿ ಚಾಟ್ನಿ ಮಾಡಿದ, ಅಂದರೆ ಬಳ್ಳಿ ಸವರಿದ, ದ್ರಾಕ್ಷಿಗೆ ಅದೇ ಮಳೆ ಬೂಜುರೋಗ ತಂದೀತು. ಕಲಬುರಗಿಯ ತೊಗರಿಗೆ ಮಳೆಗಿಂತ ಮೋಡದ ಭಯ. ಹೂವು ಕಾಯಿಯಾಗುವ ಹೊತ್ತಿಗೆ ಮೂರು ದಿನ ಮೋಡ ಕವಿದರೆ ಕಾಯಿಕೊರಕದ ಕಾಟ ಏರಿತೆಂದೇ ರೈತರು ಗಿಡ ಅಲುಗಿಸಿ ನೋಡತೊಡಗುತ್ತಾರೆ. ಇನ್ನೊಂದು ತಿಂಗಳಿಗೆ ಕಡಲೆ ಹೊಲದಲ್ಲಿ ರಾತ್ರಿ ಬಿಳಿ ಬಟ್ಟೆ ಹಾಸಿ, ಇಬ್ಬನಿಯಲ್ಲಿ ನೆನೆದದ್ದನ್ನು ನಸುಕಿನಲ್ಲಿ ಹಿಂಡಿ ಹುಳಿ ತೆಗೆಯುತ್ತಾರೆ. ಎಲೆಯ ಮೇಲಿನ ಆ ಹುಳಿ ಒಂದು ಮಳೆಗೆ ತೊಳೆದು ಹೋಗುತ್ತದೆ, ಇಬ್ಬನಿಗೆ ಮಾತ್ರ ಕೈಗೆ ಸಿಗುತ್ತದೆ.

ಇಬ್ಬನಿ ನಮ್ಮಂಥ ಹವ್ಯಾಸಿಗಳಿಗೂ ಬೆಳಗಿನ ಮೊದಲ ವರದಿ. ನಾನು ಎಂಟೂವರೆಗೆ ಮಳೆಮಾಪಕ ನೋಡುವ ಮೊದಲು ಆರಕ್ಕೆ ಎದ್ದು ಸ್ಕೂಟರಿನ ಸೀಟು ಸವರುತ್ತೇನೆ. ಅಂಗೈ ಒದ್ದೆಯಾದರೆ ರಾತ್ರಿ ಬಾನು ತೆರೆದಿತ್ತು, ಗಾಳಿ ಸುಮ್ಮನಿತ್ತು, ನೆಲದ ಕಾವು ಆರಿಹೋಗಿತ್ತು ಎಂದರ್ಥ. ಹಗಲು ಒಣಗುವ ಸಂಭವವೇ ಹೆಚ್ಚು. ಸೀಟು ಒಣಗಿದ್ದು, ಗಾಳಿ ಮೂಡಲಿಂದ ಬಿಡದೆ ಬೀಸುತ್ತಿದ್ದು, ಆಗ್ನೇಯದ ಕಡೆಯಿಂದ ಎಳೆ ಎಳೆಯಾಗಿ ಬಿಳಿ ಮೋಡ ಏರುತ್ತಿದ್ದರೆ ಕೊಲ್ಲಿಯ ನಕ್ಷೆ ತೆರೆಯುವುದು ಒಳಿತು.

ಈ ವಾರಕ್ಕೆ ನನ್ನ ಸಲಹೆ ಇಷ್ಟು. ಗುರುವಾರ ಇಲಾಖೆಯ ವಿಸ್ತೃತ ಅವಧಿಯ ಮುನ್ನೋಟ ಬರುತ್ತದೆ, ಕೊಲ್ಲಿಯ ಬಗ್ಗೆ ಅಲ್ಲಿ ಏನಿದೆ ನೋಡಿ. ಕುಸಿತ ಇದ್ದರೆ ಅದರ ಮುಖ ತಮಿಳುನಾಡಿನತ್ತಲೋ ಉತ್ತರದತ್ತಲೋ ಗುರುತಿಸಿ. ಶುಕ್ರವಾರದ ಕೋಷ್ಟಕದಲ್ಲಿ ಮೋಡದ ಸಾಲನ್ನೂ ಉಷ್ಣಾಂಶದ ಅಂತರವನ್ನೂ ತಾಳೆ ನೋಡಿ. ಎರಡೂ ಬಿಸಿಲು ಎಂದೇ ಹೇಳಿದರೆ ಆಳು ಕರೆಯಿರಿ, ಕೊಯ್ಯಿರಿ. ಬೇರೆ ಬೇರೆ ಹೇಳಿದರೆ ಒಂದು ದಿನ ಕಾದರೂ ನಷ್ಟವಿಲ್ಲ.

ಇಲಾಖೆಗೂ ಒಂದು ಅರಿಕೆ. ಮಳೆಗೆ ಬಣ್ಣ ಕೊಟ್ಟಿದ್ದೀರಿ, ಅದರಿಂದ ಎಷ್ಟೋ ಜೀವ ಉಳಿದಿದೆ. ನವೆಂಬರ್, ಡಿಸೆಂಬರಿನಲ್ಲಾದರೂ ಬಿಸಿಲಿಗೂ ಒಂದು ಬಣ್ಣ ಕೊಡಿ. ‘ನಾಳೆಯಿಂದ ನಾಲ್ಕು ದಿನ ಒಣಹವೆ’ ಎಂಬ ಮಾತು ಪ್ರಕಟಣೆಯ ಕೊನೆಯ ಸಾಲಿನಲ್ಲಿ ಸಣ್ಣಗೆ ಮುಗಿದುಹೋಗುವಂಥದ್ದಲ್ಲ. ಕಣ ಹಾಸಿ ಕೂತವನಿಗೆ ಆ ವಾರದ ದೊಡ್ಡ ಸುದ್ದಿ ಅದೇ.