ದರಿಯಾ ದೌಲತ್ತಿನ ಗೋಡೆ ಮತ್ತು ಬೋಧಕನ ಹೊಣೆ

ಚಾರಿತ್ರಿಕ ಮನೆಯೊಂದನ್ನು ವಸ್ತುಸಂಗ್ರಹಾಲಯವಾಗಿ ಕಾಪಾಡುವ ಕೆಲಸ ಒಂದು. ಅದನ್ನು ನೋಡಬಂದವರಿಗೆ ಅದರ ಅರ್ಥವನ್ನು ತಿಳಿಸುವ ಕೆಲಸ ಮತ್ತೊಂದು. ಮೊದಲನೆಯದಕ್ಕೆ ನಮ್ಮಲ್ಲಿ ಕಾಯಿದೆಗಳಿವೆ, ಇಲಾಖೆಗಳಿವೆ. ಎರಡನೆಯದನ್ನು ಕುರಿತು ನಡೆದಿರುವ ವಿಚಾರ ಸ್ವಲ್ಪವೇ. ಈ ವಿಷಯದಲ್ಲಿ ಇಂದಿಗೂ ಆಧಾರಗ್ರಂಥವೆಂದು ಎಣಿಸಲ್ಪಡುವುದು ಅಮೆರಿಕದ ಫ್ರೀಮನ್ ಟಿಲ್ಡನ್ 1957ರಲ್ಲಿ ಪ್ರಕಟಿಸಿದ ಪುಸ್ತಕ. ಅಲ್ಲಿಯ ರಾಷ್ಟ್ರೀಯ ಉದ್ಯಾನಗಳ ಮತ್ತು ಸ್ಮಾರಕಗಳ ವಿವರಣಕಾರರಿಗಾಗಿ ಆತನು ಆರು ಸೂತ್ರಗಳನ್ನು ವಿಧಿಸಿದನು. ಆ ಸೂತ್ರಗಳು ನಮ್ಮ ನಾಡಿನ ಒಂದು ಮನೆಯಲ್ಲಿ ಎಷ್ಟರಮಟ್ಟಿಗೆ ಸಲ್ಲುತ್ತವೆ ಎಂಬುದನ್ನು ಪರೀಕ್ಷಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಟಿಲ್ಡನ್ನನ ವಾದದ ತಿರುಳು ಇಷ್ಟು: ಬರಿಯ ಮಾಹಿತಿ ವಿವರಣೆಯಾಗಲಾರದು, ಮಾಹಿತಿಯನ್ನು ಆಧರಿಸಿ ಅದರೊಳಗಿನ ಅರ್ಥವನ್ನು ತೆರೆದು ತೋರಿಸುವುದೇ ವಿವರಣೆ. ನೋಡುವವನ ಅನುಭವಕ್ಕೆ ಅದು ತಾಗಬೇಕು. ಪಾಠ ಒಪ್ಪಿಸುವುದಕ್ಕಿಂತ ಮನಸ್ಸನ್ನು ಪ್ರಚೋದಿಸುವುದು ಅದರ ಮುಖ್ಯ ಗುರಿ. ಇಸವಿಗಳನ್ನೂ ಅಳತೆಗಳನ್ನೂ ಗಿಳಿಪಾಠದಂತೆ ಒಪ್ಪಿಸುವವರ ಹಿಂದೆ ತಿರುಗಿ ಬೇಸತ್ತ ಯಾರೂ ಈ ಮಾತಿನ ಸತ್ಯವನ್ನು ಅಲ್ಲಗಳೆಯಲಾರರು. ನಾವೂ ಅಲ್ಲಗಳೆಯುವುದಿಲ್ಲ. ಆದರೆ ಅದು ಸಾಲದು ಎಂಬುದು ನಮ್ಮ ಅಭಿಪ್ರಾಯ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಬೇಸಿಗೆಯ ಅರಮನೆ. ಹೆಚ್ಚಿನ ಭಾಗ ತೇಗದ ಮರದ್ದು. ಗೋಡೆ ಕಂಬಗಳಲ್ಲೆಲ್ಲ ವರ್ಣಾಲಂಕಾರ. ಅದರ ಪಡುವಣ ಗೋಡೆಯ ಮೇಲೆ ಪೊಳ್ಳಿಲೂರು ಕದನದ ಚಿತ್ರವಿದೆ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿ ಹೈದರಾಲಿ ಮತ್ತು ಟಿಪ್ಪು ಕರ್ನಲ್ ಬೇಯ್ಲಿಯ ಸೈನ್ಯವನ್ನು ಮುರಿದ ಕದನವದು. ಸಿಡಿಯುತ್ತಿರುವ ಮದ್ದಿನ ಬಂಡಿ, ಸುತ್ತುವರಿದ ಕುದುರೆ ದಳ, ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡಿರುವ ಬೇಯ್ಲಿ: ಯಾವ ವಿವರಣಕಾರನ ನೆರವೂ ಇಲ್ಲದೆ ನೋಡುವವನನ್ನು ಹಿಡಿದು ನಿಲ್ಲಿಸುವ ದೃಶ್ಯ. ಪ್ರಚೋದನೆಗೆ ಇಲ್ಲಿ ಕೊರತೆಯೇ ಇಲ್ಲ. ಕೊರತೆಯಿರುವುದು ಬೇರೆಡೆ.

ನಾವು ಇಂದು ಕಾಣುವ ಚಿತ್ರ ಟಿಪ್ಪು ಕಂಡ ಚಿತ್ರವೇ ಎಂದು ಹೇಳುವಂತಿಲ್ಲ. ರೈಸರ ಮೈಸೂರು ಗೆಜೆಟಿಯರಿನಲ್ಲಿ ಇದರ ವೃತ್ತಾಂತವಿದೆ. 1799ರ ಮುತ್ತಿಗೆಗೆ ಮುಂಚೆಯೇ ಚಿತ್ರವನ್ನು ಕೆಡಿಸಲಾಗಿತ್ತು. ಪಟ್ಟಣ ಬಿದ್ದ ಬಳಿಕ ಈ ಮನೆಯಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದನು. ಆಮೇಲೆ ಅದರ ಮೇಲೆ ಸುಣ್ಣ ಬಿತ್ತು. ಚಿತ್ರ ಬಹುಮಟ್ಟಿಗೆ ಮರೆಯಾಯಿತು. 1850ರ ದಶಕದ ಮಧ್ಯದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮೂಲವನ್ನು ಬಲ್ಲ ದೇಶೀಯ ಕಲಾವಿದನೊಬ್ಬನಿಂದ ಅದನ್ನು ಮತ್ತೆ ಬರೆಸಿದನು. ಎಂದಮೇಲೆ ಈ ಗೋಡೆಯಲ್ಲಿ ಟಿಪ್ಪುವಿನ ಹೆಮ್ಮೆಯಿದೆ, ವೆಲ್ಲೆಸ್ಲಿಯ ದುರಸ್ತಿಯಿದೆ, ಒಬ್ಬ ಕಲಾವಿದನ ನೆನಪೂ ಇದೆ. ತಮ್ಮ ಸೋಲಿನ ಚಿತ್ರವನ್ನು ಇಂಗ್ಲಿಷರೇ ಎರಡು ಸಲ ಉಳಿಸಿದ್ದೇಕೆ? ಸೋಲು ತೀರಿಸಿಕೊಂಡಾಗಿತ್ತೆಂಬ ನಿಶ್ಚಿಂತೆಯೆ? ಗೆದ್ದವನು ಮೆರೆಯುವ ಔದಾರ್ಯವೆ? ಚಿತ್ರಕಲೆಯ ಮೇಲಣ ಅಭಿಮಾನವೆ? ಗೋಡೆ ಕೇಳುವ ನಿಜವಾದ ಪ್ರಶ್ನೆ ಇದೆಂದು ನಮಗೆ ತೋರುತ್ತದೆ.

ಕೆಲವು ವರ್ಷಗಳ ಹಿಂದೆ ಬಿ.ಎ. ತರಗತಿಯ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಿದ್ದೆವು. ವಿವರಿಸುತ್ತಿದ್ದವರ ಮಾತಿನಲ್ಲಿ ಕಸುವಿತ್ತು. ಕೆಲವರು ಚಪ್ಪಾಳೆ ತಟ್ಟಿದರು. ಕೆಲವರು ಮುಖ ತಿರುಗಿಸಿದರು. ಟಿಪ್ಪುವನ್ನು ಕುರಿತು ಮನೆಯಿಂದಲೇ ತಂದ ತೀರ್ಪುಗಳೊಡನೆ ಅವರು ಬಂದಿದ್ದರು, ಅವುಗಳೊಡನೆಯೇ ಹೊರಟರು. ಒಬ್ಬ ವಿದ್ಯಾರ್ಥಿನಿ ಮಾತ್ರ, "ಈ ಬಣ್ಣ ಆಗಿನದೇ ಏನು ಸರ್?" ಎಂದು ಕೇಳಿದಳು. ವಿವರಣಕಾರರು ಹೌದೆಂದರು. ಬಸ್ಸಿಗೆ ಹೊತ್ತಾಗಿತ್ತೆಂಬ ನೆಪದಿಂದ, ಗೊತ್ತಿದ್ದೂ ನಾವು ಸುಮ್ಮನಿದ್ದೆವು. ಅಂದು ಅಲ್ಲಿ ಕೇಳಿಬಂದ ಒಂದೇ ಒಂದು ಚಾರಿತ್ರಿಕ ಪ್ರಶ್ನೆಯನ್ನು ಇತಿಹಾಸದ ಅಧ್ಯಾಪಕರಾದ ನಾವೇ ಹೂತು ಬಂದೆವು.

ಟಿಲ್ಡನ್ನನ ಸೂತ್ರಗಳ ಮಿತಿ ಇಲ್ಲಿ ಕಾಣುತ್ತದೆ. ಸ್ಥಳದ ಸಾಕ್ಷ್ಯವೇ ಪದರಪದರವಾಗಿರುವಾಗ ಏನು ಮಾಡತಕ್ಕದ್ದೆಂಬುದನ್ನು ಅವು ಹೇಳುವುದಿಲ್ಲ. ಅಂಥಲ್ಲಿ ವಿಚಾರಕ್ಕೆ ಪ್ರಚೋದನೆಯಾಗಬೇಕಾದದ್ದು ಭಾವೋದ್ರೇಕವಾಗಿ ಮುಗಿಯುವ ಅಪಾಯವಿದೆ. ಸಾಮಾನ್ಯ ಪ್ರವಾಸಿಗೆ ಇಂಥ ಸಂಶಯಗಳು ಬೇಡ, ಅವು ರಸಭಂಗಕ್ಕೆ ಕಾರಣವೆಂದು ಆಕ್ಷೇಪಿಸಬಹುದು. ನಾವು ಒಪ್ಪುವುದಿಲ್ಲ. ಅಳಿಸಿದ್ದು, ಬರೆದದ್ದು, ಸುಣ್ಣ ಬಳಿದದ್ದು, ಮತ್ತೆ ಬರೆದದ್ದು: ಕದನದ ಕಥೆಗಿಂತ ಇದೇನೂ ಸಪ್ಪೆಯಾದ ಕಥೆಯಲ್ಲ.

ಆದ್ದರಿಂದ ಬೋಧಕನು ಮಾಡಬೇಕಾದದ್ದು ಇಷ್ಟೆ. ಮೊದಲು ವಿದ್ಯಾರ್ಥಿಗಳು ಗೋಡೆಯನ್ನು ಮೌನವಾಗಿ ನೋಡಲಿ, ಕಂಡದ್ದನ್ನು ಹೇಳಲಿ. ಬಳಿಕ ಅದನ್ನು ಬರೆದ ಕೈಗಳೆಷ್ಟು ಎಂಬ ಪ್ರಶ್ನೆಯನ್ನು ಅವರ ಮುಂದಿಡಬೇಕು. ಇದೇ ಕದನದ ಚಿತ್ರದ ಕಾಗದದ ಪ್ರತಿಗಳೂ ಉಳಿದಿವೆ; ಅಂಥದೊಂದು 2022ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಅವುಗಳ ಮುದ್ರಿತ ಚಿತ್ರಗಳನ್ನು ಗೋಡೆಯೊಡನೆ ಹೋಲಿಸಿ ನೋಡಿಸಬಹುದು. ಕಡೆಗೆ ಅದೇ ದ್ವೀಪದಲ್ಲಿ ಗುಂಬಜಿನ ಬಳಿಯಿರುವ ಬೇಯ್ಲಿಯ ಸ್ಮಾರಕಕ್ಕೆ ಅವರನ್ನು ಕರೆದೊಯ್ಯಬೇಕು. ಚಿತ್ರದಲ್ಲಿ ಬೆರಳು ಕಚ್ಚಿಕೊಂಡವನು 1782ರಲ್ಲಿ ಈ ಊರಿನ ಸೆರೆಯಲ್ಲೇ ಸತ್ತನೆಂಬುದನ್ನು ಅಲ್ಲಿ ನಿಂತು ಹೇಳಿದರೆ ಗೆಲುವು ಸೋಲುಗಳೆರಡೂ ಮನುಷ್ಯರ ಅಳತೆಗೆ ಬರುತ್ತವೆ.

ಇದರಿಂದ ಯಾರ ತೀರ್ಪೂ ಕೂಡಲೇ ಬದಲಾಗುವುದೆಂದು ನಾವು ನಂಬಿಲ್ಲ. ತೀರ್ಪಿಗೆ ಮುಂಚೆ ಸಾಕ್ಷ್ಯವನ್ನು ವಿಚಾರಿಸುವ ಅಭ್ಯಾಸ ಹುಟ್ಟಿದರೆ ಅಷ್ಟೇ ಸಾಕು. ಆ ವಿದ್ಯಾರ್ಥಿನಿಗೆ ನಾವು ಕೊಡದೆ ಉಳಿದ ಉತ್ತರ ಇದು. ಮುಂದಿನ ತಂಡಕ್ಕಾದರೂ ಗೋಡೆಯ ಮುಂದೆಯೇ ನಿಂತು ಇದನ್ನು ಹೇಳತಕ್ಕದ್ದು.